ಒಂದೇ ಸುರಂಗಕ್ಕೆ ಮೂರು ಸೇವೆ

ವಸಂತಾ ಆಂಟಿಯ ಲೆಕ್ಕದಲ್ಲಿ, ಅತಿಥಿಯ ಪರಿಚಯದಲ್ಲಿ ಒಂದು ಹುದ್ದೆ ಬಿಟ್ಟುಹೋದರೂ ಅದು ಊಟಕ್ಕೆ ಕರೆದು ಎಲೆಗೆ ಉಪ್ಪು ಬಡಿಸದ ಹಾಗೆ. ಸಿಡ್ನಿಯ ಪೆಂಡಲ್ ಹಿಲ್‌ನ ಕನ್ನಡ ಬಳಗದಲ್ಲಿ ಯಾರಿಗೆ ಸನ್ಮಾನವಾದರೂ ಪರಿಚಯ ಭಾಷಣ ಅವರದೇ. ಹಲ್ಲಿನ ಡಾಕ್ಟರ್ ಬಂದರೂ ಎಲ್‌ಕೆಜಿಯಿಂದ ಶುರು ಮಾಡುತ್ತಿದ್ದರು.

ಈ ಸಲದ ಅತಿಥಿ ಪ್ರೊಫೆಸರ್ ಗಾಸ್ಪಾರ್ ಎಲಿಸೊಂದೊ, ಸ್ಪೇನ್ ದೇಶದ ಅರ್ಥಶಾಸ್ತ್ರಜ್ಞರು. ಅಲ್ಲಿ ಮಂತ್ರಿಯಾಗಿದ್ದವರು, ಆಮೇಲೆ ಕಂಪನಿಯೊಂದರ ಅಧ್ಯಕ್ಷರು, ಈಗ ಮೆಲ್ಬರ್ನ್‌ನಲ್ಲಿ ಪಾಠ ಹೇಳುತ್ತಾರೆ. ಬಳಗದ ಎಷ್ಟೋ ಮನೆಗಳಿರುವ ಸ್ಕೋಫೀಲ್ಡ್ಸ್ ಕಡೆಗೆ ಸುರಂಗ ರಸ್ತೆ ಬರುತ್ತದೆಂಬ ಮಾತಿತ್ತಲ್ಲ, ಅದಕ್ಕೆ ಸಲಹೆ ಕೊಡಲು ಸಿಡ್ನಿಗೆ ಬಂದಿದ್ದರು. ‘ಆ ರಸ್ತೆಯಲ್ಲಿ ದಿನವೂ ಓಡಾಡಬೇಕಾದವರನ್ನು ನೋಡಬೇಕು’ ಎಂದರಂತೆ. ಕರೆತಂದವಳು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ದಾವಣಗೆರೆಯ ನಿವೇದಿತಾ. ಅವಳ ಪ್ರಬಂಧ ಮುಗಿದಿತ್ತು. ಪ್ರೊಫೆಸರ್ ಸಹಿ ಹಾಕಿದರೆ ಡಿಗ್ರಿ, ಡಿಗ್ರಿ ಬಂದರೆ ಈ ದೇಶದಲ್ಲಿ ಉಳಿಯುವ ದಾರಿ. ಇಲ್ಲವಾದರೆ, ಬೇಸಿಗೆ ಕಳೆಯುವುದರೊಳಗೆ ವೀಸಾ ಮುಗಿಯುತ್ತಿತ್ತು.

“ಆಂಟಿ, ಎರಡೇ ಲೈನ್ ಸಾಕು” ಎಂದು ಅವಳು ಮೊದಲೇ ಫೋನ್ ಮಾಡಿ ಹೇಳಿದ್ದಳು. “ಎಕ್ಸ್ ಮಿನಿಸ್ಟರ್, ಪ್ರೊಫೆಸರ್. ಅಷ್ಟೇ.”

“ಎರಡು ಲೈನಾ? ಅದೇನು ಬಸ್ ಬೋರ್ಡೇನೇ?”

“ಪ್ಲೀಸ್ ಆಂಟಿ, ಹಳೇದೆಲ್ಲ ಕೆದಕೋದು ಬೇಡ.”

“ನೀನು ಸುಮ್ನಿರು. ಸ್ಪ್ಯಾನಿಷ್ ಪೇಪರ್ನೆಲ್ಲ ಈಗ ಫೋನೇ ಇಂಗ್ಲಿಷ್ ಮಾಡಿ ಕೊಡುತ್ತೆ.”

ನಿವೇದಿತಾಗೆ ಆ ಹಳೆಯದು ಗೊತ್ತಿತ್ತು. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಬರೆದೂ ಇದ್ದಳು. ‘ಇದು ಇಲ್ಲಿ ಬೇಕೆ?’ ಎಂದು ಪ್ರೊಫೆಸರ್ ನಗುತ್ತಾ ಕೇಳಿದ್ದರು. ಮರುದಿನವೇ ತೆಗೆದಿದ್ದಳು.

ಭಾನುವಾರ ಸಭಾಂಗಣ ತುಂಬಿತ್ತು. ಪಕ್ಕದ ಬಡಾವಣೆ ದಿ ಪಾಂಡ್ಸ್‌ನಿಂದ ಬಂದ ಮಕ್ಕಳ ನೃತ್ಯ ಮುಗಿಯುತ್ತಲೇ ವಸಂತಾ ಆಂಟಿ ಮೈಕ್ ಹಿಡಿದು, ಅತಿಥಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಓದಿದರು. ದನಿಯಲ್ಲಿ ಹೆಮ್ಮೆಯೋ ಹೆಮ್ಮೆ. ಮಂತ್ರಿಯಾಗಿದ್ದಾಗ ಬೆಟ್ಟದ ಸುರಂಗ ರಸ್ತೆಯನ್ನು ಕಂಪನಿಯೊಂದಕ್ಕೆ ವಹಿಸಿದವರು ಇವರೇ. ಇವರ ಯೋಗ್ಯತೆ ಕಂಡು ಮರುವರ್ಷ ಅದೇ ಕಂಪನಿ ಅಧ್ಯಕ್ಷರಾಗಿ ಕರೆಯಿತು! ಸುರಂಗದ ಚಾವಣಿ ಕುಸಿದು ಜನ ಸತ್ತಾಗ, ತಪ್ಪು ಯಾರದೂ ಅಲ್ಲವೆಂದು ಸ್ವತಂತ್ರ ವರದಿ ಬರೆದ ವಿದ್ವಾಂಸರೂ ಇವರೇ!

“ಒಂದೇ ಸುರಂಗಕ್ಕೆ ಮೂರು ರೀತಿಯಲ್ಲಿ ಸೇವೆ ಸಲ್ಲಿಸಿದ ಏಕೈಕ ಮಹನೀಯರು!” ಎಂದು ಕೊನೆಗೆ ಕನ್ನಡದಲ್ಲೂ ಸೇರಿಸಿದರು.

ಚಪ್ಪಾಳೆ ಜೋರಾಗಿ ಎದ್ದಿತು. ಆಮೇಲೆ ಹಿಂದಿನ ಸಾಲುಗಳಿಂದ ಒಂದೊಂದೇ ಕೈ ನಿಲ್ಲತೊಡಗಿತು.

“ಗುರು, ನಮ್ಮನೆ ಹತ್ರ ಸುರಂಗ ಮಾಡ್ಸೋರು ಇವ್ರೇನಾ?” ಎಂದು ಯಾರೋ ಕೇಳಿದ್ದು ವೇದಿಕೆಯವರೆಗೂ ಕೇಳಿಸಿತು.

ಪ್ರೊಫೆಸರ್ ನಗುತ್ತಲೇ ಇದ್ದರು. ಬಳಗದವರು ಶಾಲು ಹೊದಿಸಿದರು, ಬಾಗಿದ ತಲೆಗೆ ಮೈಸೂರು ಪೇಟ ಇಟ್ಟರು. ಫೋಟೋಕ್ಕೆ ನಿಂತಲ್ಲೇ ಅವರು ವಸಂತಾ ಆಂಟಿಯ ಕಡೆಗೆ ತಿರುಗಿದರು. “ಎಷ್ಟು ಶ್ರದ್ಧೆ! ಇದನ್ನೆಲ್ಲ ಹುಡುಕಿದವರು ಯಾರು?”

ನಮ್ಮಲ್ಲಿ ಯಾರು ತಾನೇ ‘ನಾನೇ’ ಎನ್ನುತ್ತಾರೆ? ಪಾಯಸ ಚೆನ್ನಾಗಿದೆ ಎಂದರೂ ಸೊಸೆ ಮಾಡಿದ್ದು ಎನ್ನುವ ಜನ. ಹುಡುಗಿಯ ಪ್ರಬಂಧಕ್ಕೆ ಸಹಿ ಬಾಕಿ ಇದೆ, ಮೇಷ್ಟ್ರಿಗೆ ಶಿಷ್ಯೆಯ ಮೇಲೆ ಮೆಚ್ಚುಗೆ ಬರಲಿ ಎಂದು ಆಂಟಿ ಪಕ್ಕದಲ್ಲಿ ನಿಂತಿದ್ದ ನಿವೇದಿತಾಳ ಬೆನ್ನು ಸವರಿದರು. “ಎಲ್ಲಾ ಇವಳದೇ ಶ್ರಮ. ನಾನು ಬರೀ ಓದಿದೆ.”

ನಿವೇದಿತಾ ಬಾಯಿ ತೆರೆದಳು. ಅಷ್ಟರಲ್ಲಿ ಫ್ಲ್ಯಾಶ್ ಮಿಂಚಿತು.

ಸಂಜೆ ಇಬ್ಬರನ್ನೂ ಮೆಲ್ಬರ್ನ್ ವಿಮಾನಕ್ಕೆ ಬಿಡಲು ಆಂಟಿಯ ಯಜಮಾನರು ಮೂರ್ತಿ ಕಾರು ತೆಗೆದರು. ಆಂಟಿ ಮುಂದೆ, ಪ್ರೊಫೆಸರ್ ಮತ್ತು ನಿವೇದಿತಾ ಹಿಂದೆ. ಪೇಟದ ಡಬ್ಬಿ ಪ್ರೊಫೆಸರ್ ತೊಡೆಯ ಮೇಲಿತ್ತು.

“ಮೂರನೆಯ ಅಧ್ಯಾಯದಿಂದ ನಾನು ತೆಗೆಸಿದ್ದು ಇಲ್ಲಿ ಮೈಕಿನಲ್ಲಿ ಸಿಕ್ಕಿತು” ಎಂದರು ಪ್ರೊಫೆಸರ್, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

“ಅದು ನಾನಲ್ಲ, ಸರ್. ಆಂಟಿ ಸುಮ್ಮನೆ ಹಾಗೆ ಹೇಳಿದರು. ನಮ್ಮಲ್ಲಿ ಅದೊಂದು ಮರ್ಯಾದೆ.”

“ಮರ್ಯಾದೆ” ಎಂದು ಅವರು ತಲೆಯಾಡಿಸಿದರು. ಕೋಪವೇ ಇರಲಿಲ್ಲ. “ನಾಳೆ ಸಹಿ ಹಾಕೋಣವೆಂದಿದ್ದೆ. ಇಷ್ಟು ಶ್ರದ್ಧೆ ಇರುವವಳ ಪ್ರಬಂಧವನ್ನು ಅವಸರದಲ್ಲಿ ಓದಬಾರದು. ಮೊದಲ ಪುಟದಿಂದ ಮತ್ತೆ ನೋಡುತ್ತೇನೆ. ನಿಧಾನವಾಗಿ.”

“ಸರ್, ನನ್ನ ವೀಸಾ...”

“ಗೊತ್ತು” ಎಂದರು ಅವರು.

ಮುಂದಿನ ಸೀಟಿನಿಂದ ಆಂಟಿ ತಿರುಗಿದರು. ಮುಖದಲ್ಲಿ ಇನ್ನೂ ವೇದಿಕೆಯ ಬೆಳಕು. “ಏನಂತೆ ಕಣೇ? ಪರಿಚಯ ಹಿಡಿಸ್ತಂತಾ?”

ನಿವೇದಿತಾ ಆ ಮುಖವನ್ನು ನೋಡಿದಳು.

“ಹೂಂ ಆಂಟಿ. ಯಾವತ್ತೂ ಮರೆಯಲ್ವಂತೆ.”

“ನೋಡಿದ್ರಾ?” ಎಂದು ಆಂಟಿ ಗಂಡನ ಭುಜ ತಟ್ಟಿದರು. “ಎರಡು ಲೈನ್ ಸಾಕು ಅಂತಿದ್ಲು ಇವ್ಳು!”

ಕಾರು ವಿಮಾನ ನಿಲ್ದಾಣದ ದಾರಿಯ ಸುರಂಗಕ್ಕೆ ಇಳಿಯಿತು. ಗಾಜಿಗೆ ಅಂಟಿಸಿದ ಟೋಲ್ ಯಂತ್ರ ಟಿಕ್ ಎಂದಿತು. ಪ್ರೊಫೆಸರ್ ಕಿಟಕಿಯ ಗಾಜಿಗೆ ಮುಖ ತಂದು ಮೇಲಿನ ಚಾವಣಿಯನ್ನು, ಅದು ತಮ್ಮದೇ ಮನೆಯದೇನೋ ಎಂಬಂತೆ, ನೋಡುತ್ತಾ ಕುಳಿತರು.