ಆಷಾಢದ ಮಡಿಲಕ್ಕಿ

ಬೆಂಗಳೂರಿನ ಅಂಚಿನ ಸಿಂಗಾಪುರದ ಹಿಟ್ಟಿನ ಗಿರಣಿಯ ಮುಂದೆ ಬಿಳಿ ಕಾರು ಬಂದು ನಿಂತಾಗ ನಾಗಲಕ್ಷ್ಮಿ ಯಾರದೋ ರಾಗಿ ಬೀಸುತ್ತಿದ್ದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ಕಾರಿನಿಂದ ಇಳಿದವನು ಅವಳ ತಮ್ಮ ಅಶ್ವತ್ಥ್. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಕವರು. ಅದರ ಬಾಯಿಂದ ತೆಂಗಿನಕಾಯಿಯ ಜುಟ್ಟೂ ಹಸಿರು ಬಳೆಗಳೂ ಇಣುಕುತ್ತಿದ್ದವು.

"ಏನಕ್ಕ, ತಮ್ಮನ್ನ ಮರ್ತೇಬಿಟ್ಯಾ?"

ನಾಗಲಕ್ಷ್ಮಿ ಸ್ವಿಚ್ಚು ಆರಿಸಿದಳು. ಗಿರಣಿ ಗೊರಗೊರ ಅಂತ ನಿಂತಿತು.

"ಇದೇನೋ ಇದು ಅಶ್ವತ್ಥ?"

"ಮಡಿಲಕ್ಕಿ ಕಣಕ್ಕ. ಮನೇಲಿ ಪೂಜೆ ಮಡಗಿವ್ನಿ. ನಿನ್ನ ಕರ್ಕೊಂಡೋಗಾಕೆ ಬಂದೆ. ಊಟನೂ ಅಲ್ಲೇ."

ತೂಕದ ತಕ್ಕಡಿಯ ಹಿಂದೆ ಕೂತಿದ್ದ ಮಗಳು ಶಾಂತಲಾ ಅಮ್ಮನ ಮುಖ ನೋಡಿದಳು. ಹಿಟ್ಟು ಮೆತ್ತಿದ ಆ ಮುಖ ಕ್ಷಣದಲ್ಲಿ ಹುಡುಗಿಯ ಮುಖದಂತಾಗಿತ್ತು. ಶಾಂತಲಾಳಿಗೆ ಸಿಟ್ಟು ಹತ್ತಿದ್ದು ಆಗಲೇ.

ಹತ್ತದೆ ಏನು ಮಾಡೀತು? ಆರು ವರ್ಷದ ಹಿಂದೆ ಅಪ್ಪ ಸೋಮನಾಥ ಸತ್ತ. ಆ ವರ್ಷದಿಂದಲೇ ತವರಿನಿಂದ ಗೌರಿ ಹಬ್ಬದ ಬಾಗಿನ ನಿಂತುಹೋಯಿತು. ಆಮೇಲೆ ಅಶ್ವತ್ಥ್ ಅಮೃತಹಳ್ಳಿಯಲ್ಲಿ ಮೂರಂತಸ್ತಿನ ಮನೆ ಕಟ್ಟಿದ. ಗೃಹಪ್ರವೇಶದ ದಿನ ಅವನ ಹೆಂಡತಿ ಮೋನಿಷಾ ಕುಂಕುಮದ ತಟ್ಟೆ ಹಿಡಿದು ಹೆಂಗಸರ ಸಾಲಿನುದ್ದಕ್ಕೂ ಬಂದಳು. ನಾಗಲಕ್ಷ್ಮಿಯ ಎದುರಿಗೆ ಬಂದಾಗ ತಟ್ಟೆಯನ್ನು ಗೇಣುದ್ದ ಮೇಲೆತ್ತಿ ಪಕ್ಕದವಳಿಗೆ ಹಿಡಿದಳು. "ಅತ್ತಿಗೆ, ನೀವೊಂಚೂರು ಹಿತ್ತಲ ಕಡೆ ಪಾತ್ರೆ ನೋಡ್ಕೊಳ್ಳಿ" ಅಂದಳು. ಅಮ್ಮ ಹೋಗಿ ಪಾತ್ರೆ ನೋಡಿಕೊಂಡಳು. ಸಂಜೆಯವರೆಗೂ ನೋಡಿಕೊಂಡಳು. ಅಶ್ವತ್ಥ್ ಅದನ್ನು ಕಂಡೂ ಕಾಣದವನ ಹಾಗೆ ಓಡಾಡಿಕೊಂಡಿದ್ದ.

ಅದೇ ಅಶ್ವತ್ಥ್ ಈಗ ಕುಂಕುಮದ ಪೊಟ್ಟಣ ಹಿಡಿದು ನಿಂತಿದ್ದಾನೆ. ಅದೂ ಆಷಾಢದಲ್ಲಿ.

"ಆಷಾಡದಾಗೆ ಯಾರಾನಾ ಮಡ್ಲು ತುಂಬ್ತಾರೇನೋ?" ಅಂದಳು ಅಮ್ಮ. ಕೇಳುತ್ತ ಕೇಳುತ್ತಲೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಈಗ್ಯಾರ್ ನೋಡ್ತಾರಕ್ಕ ಅದ್ನೆಲ್ಲ. ಬೇಗ ಸೀರೆ ಬದಲಾಯಿಸ್ಕೊ. ಆಂ, ನಿನ್ ಆಧಾರ್ ಕಾರ್ಡೊಂದು ಇಟ್ಕೊ."

"ಪೂಜೆಗೆ ಆಧಾರ್ ಯಾಕೆ ಮಾವ?" ಶಾಂತಲಾ ಕೇಳಿದಳು. ಅವಳ ದನಿ ತಕ್ಕಡಿ ದಾಟಿ ಹೊರಗೆ ಬರಲಿಲ್ಲ. ಎಂ.ಎ. ಓದಿದ ಹುಡುಗಿ. ಆದರೂ ದೊಡ್ಡವರ ಮುಂದೆ ನಿಂತರೆ ಮಾತು ಗಂಟಲಲ್ಲೇ ಕೂತುಬಿಡುವ ಜಾತಿ.

"ಏನಂದ್ಯಮ್ಮ? ಜೋರಾಗಿ ಮಾತಾಡಮ್ಮ. ಎಂಎ ಅಲ್ವಾ ನೀನು?" ಅಶ್ವತ್ಥ್ ನಕ್ಕ. "ಈಗ ಎಲ್ಲಾ ಕಡೆ ಕೇಳ್ತಾರೆ, ಇರ್ಲಿ ಅಂದೆ."

ಶಾಂತಲಾ ಬಾಯಿ ಬಿಡುತ್ತಿದ್ದದ್ದು ಶನಿವಾರ ಮಾತ್ರ. ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಬುದ್ಧನ ಹಿಂದಿನ ಜನ್ಮಗಳ ಕಥೆ ಹೇಳುತ್ತಿದ್ದಳು. ಬುದ್ಧ ಜಿಂಕೆಯಾಗಿ ಹುಟ್ಟಿದ್ದ ಕಥೆ ಹೋದ ವಾರವಷ್ಟೇ ಹೇಳಿದ್ದಳು. ಆ ಜಿಂಕೆ ದಿನಾ ಒಂದು ಮರದಡಿಗೆ ಬಂದು ಉದುರಿದ ಹಣ್ಣು ತಿನ್ನುತ್ತಿತ್ತು. ಒಂದು ದಿನ ಬೇಡ ಮರ ಹತ್ತಿ ಕೂತು, ದೂರದಲ್ಲೇ ನಿಂತ ಜಿಂಕೆಯ ಮೂತಿಯ ಮುಂದಕ್ಕೇ ಹಣ್ಣು ಎಸೆಯತೊಡಗಿದ. ಜಿಂಕೆ ಮರವನ್ನೇ ಮಾತಾಡಿಸಿತು: "ಮರವೇ, ಇಷ್ಟು ದಿನ ನಿನ್ನ ಹಣ್ಣು ನೆಟ್ಟಗೆ ನಿನ್ನ ಬುಡಕ್ಕೆ ಬೀಳುತ್ತಿತ್ತು. ಇವತ್ತು ನನ್ನ ಬಾಯಿ ಹುಡುಕಿಕೊಂಡು ಬರುತ್ತಿದೆಯಲ್ಲ? ನೀನು ಮರದ ರೀತಿ ಬಿಟ್ಟೆ. ನಾನು ಬೇರೆ ಮರ ನೋಡಿಕೊಳ್ಳುತ್ತೇನೆ." ಅಷ್ಟು ಹೇಳಿ ಓಡಿಹೋಯಿತು.

ಮಡಿಲಕ್ಕಿ ತುಂಬುವುದು ತವರಿನ ಒಳಮನೆಯಲ್ಲಿ. ಮಣೆ ಹಾಕಿ ಕೂರಿಸಿ, ದೇವರ ದೀಪದ ಮುಂದೆ, ಆ ಮನೆಯ ಸೊಸೆ ತುಂಬಬೇಕು. ಇಲ್ಲಿ ನೋಡಿದರೆ ಹಣ್ಣು ಅಮೃತಹಳ್ಳಿಯಿಂದ ಸಿಂಗಾಪುರಕ್ಕೆ ಹಾರಿ ಬಂದಿದೆ, ಎಸೆದವನು ಗಂಡಸು. ಅಮ್ಮ ತಾನೇ ಕವರಿನಿಂದ ಅಕ್ಕಿ ತೆಗೆದು ತಾನೇ ಸೆರಗಿಗೆ ಸುರಿದುಕೊಳ್ಳುತ್ತಿದ್ದಳು. ತಾನೇ ಹಸಿರು ಬಳೆ ತೊಟ್ಟಳು. ಶಾಂತಲಾಳಿಗೆ ಎದ್ದು ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಗಿರಣಿಯ ಹಿಂದಿನ ಮನೆಯಿಂದ ಅಮ್ಮ ತಂದುಕೊಟ್ಟ ಆಧಾರ್ ಕಾರ್ಡನ್ನು ತನ್ನ ಬ್ಯಾಗಿಗೆ ಹಾಕಿಕೊಂಡು, ಶಟರ್ ಎಳೆದು, ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಕಾರು ಓಡಿಸುತ್ತಿದ್ದವನು ಸುಬ್ರಮಣಿ, ಅಶ್ವತ್ಥನ ಸೈಟು ವ್ಯವಹಾರದ ಬ್ರೋಕರು. ಪೂಜೆಗೆ ಬ್ರೋಕರು ಯಾಕೆ ಅಂತ ಶಾಂತಲಾ ಮನಸ್ಸಿನಲ್ಲೇ ಕೇಳಿಕೊಂಡಳು. ಕಾರು ಕೊಡಿಗೇಹಳ್ಳಿ ದಾಟಿತು. ಬಳ್ಳಾರಿ ರಸ್ತೆಗೆ ಬಂದದ್ದೇ ಅಮೃತಹಳ್ಳಿಯ ಕಡೆ ಹೋಗದೆ ಹೆಬ್ಬಾಳದ ಕಡೆ ಹೊರಳಿತು.

"ಇದ್ಯಾಕೋ ಇಂಗೆ?" ಅಂದಳು ಅಮ್ಮ.

"ಒಂದ್ ಚಿಕ್ಕ ಕೆಲ್ಸ ಅಕ್ಕ. ರಿಜಿಸ್ಟ್ರಾರ್ ಆಫೀಸಲ್ಲಿ ಒಂದ್ ಸೈನು. ಐದ್ ನಿಮ್ಸ. ಅಂಗೇ ಊಟಕ್ಕೋಗೋಣ."

"ಎಂಥ ಸೈನು?"

ಕಾರು ಹೆಬ್ಬಾಳದ ಮೇಲ್ಸೇತುವೆಯ ನಡುಮಧ್ಯೆ ಸಿಕ್ಕಿಕೊಂಡಿತ್ತು. ಹಿಂದೆ ಮುಂದೆ ವಾಹನ, ಅಕ್ಕಪಕ್ಕ ಗೋಡೆ. ಇಳಿದು ಓಡುವ ಮಾತೇ ಇಲ್ಲ. ಮಾತಾಡಲು ಅಶ್ವತ್ಥನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

"ಅದೇ, ಬಾವಿ ತೋಟ. ಬಿಲ್ಡ್ರು ಕೇಳ್ತಾವ್ನೆ. ಅಪ್ಪನ ಆಸ್ತಿ ಅಲ್ವಾ, ಎಣ್ಮಕ್ಳದ್ದೂ ಸೈನ್ ಬೇಕಂತೆ. ನಂಗೇನೂ ಬೇಡ, ಎಲ್ಲಾ ತಮ್ಮಂಗೆ ಬಿಟ್ಕೊಟ್ಟೆ ಅಂತ ಒಂದ್ ಮಾತು. ಸುಮ್ನೆ ಫಾರ್ಮಾಲಿಟಿ ಕಣಕ್ಕ."

ಗಿರಣಿ ಇರುವ ಜಾಗ ಬಾಡಿಗೆಯದು. ದಸರಾ ಹೊತ್ತಿಗೆ ಖಾಲಿ ಮಾಡಿ ಅಂತ ಮಾಲೀಕ ಹೇಳಿಯಾಗಿತ್ತು. ಬಾವಿ ತೋಟದಲ್ಲಿ ತನ್ನ ಪಾಲಿಗೆ ಬರುವಷ್ಟರಲ್ಲಿ ಒಂದು ಶೆಡ್ಡು ಹಾಕಿ ಗಿರಣಿ ಅಲ್ಲಿಗೆ ಸಾಗಿಸೋಣ ಅಂತ ಅಮ್ಮ ಯುಗಾದಿಯಿಂದ ಹೇಳುತ್ತಿದ್ದಳು. ಇಬ್ಬರ ಅನ್ನಕ್ಕೂ ಬೇರೆ ದಾರಿ ಇರಲಿಲ್ಲ. ಅದನ್ನು ಈ ಮನುಷ್ಯ ಒಂದು ತೆಂಗಿನಕಾಯಿ ಕೊಟ್ಟು ಕೊಂಡುಹೋಗುತ್ತಿದ್ದಾನೆ.

ಅಮ್ಮ ಹಸಿರು ಬಳೆ ತಿರುಗಿಸುತ್ತ ಕೂತಳು. ಹೂಂ ಅಂದುಬಿಡುತ್ತಾಳೆ, ಶಾಂತಲಾಳಿಗೆ ಗೊತ್ತಿತ್ತು. ತವರು ಉಳಿಯಲಿ ಅಂತ ಹಿತ್ತಲಲ್ಲಿ ಪಾತ್ರೆ ನೋಡಿಕೊಂಡವಳು ತವರು ಉಳಿಯಲಿ ಅಂತ ಸಹಿಯನ್ನೂ ಹಾಕುತ್ತಾಳೆ.

ಮೊಸಳೆಯ ಬೆನ್ನಿನ ಮೇಲೆ ಕೂತ ಕೋತಿಯ ಕಥೆಯನ್ನೂ ಶಾಂತಲಾ ಹೋದ ಶನಿವಾರವೇ ಹೇಳಿದ್ದಳು. ಆಚೆ ದಡದಲ್ಲಿ ಒಳ್ಳೇ ಹಣ್ಣಿವೆ ಬಾ ಅಂತ ಹತ್ತಿಸಿಕೊಂಡ ಮೊಸಳೆ ನಡುನೀರಿನಲ್ಲಿ ಮುಳುಗತೊಡಗುತ್ತದೆ. ನನ್ನ ಹೆಂಡತಿಗೆ ನಿನ್ನ ಹೃದಯ ಬೇಕಂತೆ ಅನ್ನುತ್ತದೆ. ಕೋತಿ ಹೆದರುವುದಿಲ್ಲ. ಅಯ್ಯೋ, ಮೊದಲೇ ಹೇಳಬಾರದಿತ್ತೇ, ಹೃದಯವನ್ನು ಮರದ ಮೇಲೇ ಬಿಟ್ಟು ಬಂದೆನಲ್ಲ, ನಡೆ ತರೋಣ ಅನ್ನುತ್ತದೆ. ಕಥೆ ಮುಗಿದಾಗ ಎರಡು ಜಡೆಯ ಒಬ್ಬಳು ಹುಡುಗಿ ಕೈ ಎತ್ತಿ ಕೇಳಿದ್ದಳು: "ಅಕ್ಕ, ದಡಕ್ಕೆ ಬಂದ್ಮೇಲೆ ಕೋತಿ ಮೊಸಳೆಗೆ ಚೆನ್ನಾಗಿ ಬೈಲಿಲ್ವಾ?" ಬುದ್ಧಿವಂತರು ಬೈಯೋದಿಲ್ಲ ಪುಟ್ಟ ಅಂದಿದ್ದಳು ಶಾಂತಲಾ. ಮನೆಗೆ ಬರುವವರೆಗೂ ಆ ಉತ್ತರ ಬಾಯಲ್ಲಿ ಕಹಿಯಾಗಿತ್ತು.

ಬ್ಯಾಗಿನ ಒಳಜೇಬಿನಲ್ಲಿ ಬೆರಳಿಗೆ ಇನ್ನೊಂದು ಕಾರ್ಡು ತಾಗಿತು.

"ಮಾವ." ಈ ಸಲ ದನಿ ಹೊರಗೆ ಬಂತು. "ನಾನು ತಪ್ ಕಾರ್ಡ್ ತಂದಿದೀನಿ."

ಅಶ್ವತ್ಥ್ ತಿರುಗಿದ. ಶಾಂತಲಾ ಅಪ್ಪನ ಆಧಾರ್ ಕಾರ್ಡು ಎತ್ತಿ ಹಿಡಿದಳು. ಅಪ್ಪ ಸತ್ತಾಗ ಕಚೇರಿಗಳಿಗೆ ಅಲೆಯುವಾಗ ಬ್ಯಾಗಿಗೆ ಸೇರಿದ ಕಾರ್ಡು. ತೆಗೆದಿಡಲು ಮನಸ್ಸು ಬಂದಿರಲಿಲ್ಲ. ಅದರೊಳಗಿಂದ ಸೋಮನಾಥ ಪಾಸ್‌ಪೋರ್ಟ್ ಅಳತೆಯ ಗಾಬರಿಯಲ್ಲಿ ಭಾವಮೈದುನನನ್ನು ನೋಡಿದ.

"ಒಂದೇ ಡಬ್ಬದಲ್ಲಿತ್ತು. ಅರ್ಜೆಂಟಲ್ಲಿ ನೋಡ್ಲಿಲ್ಲ. ಅಮ್ಮಂದು ಮನೇಲೇ ಇದೆ."

ಅಮ್ಮ ಥಟ್ಟನೆ ಮಗಳ ಕಡೆ ತಿರುಗಿದಳು. ತನ್ನ ಕಾರ್ಡನ್ನು ತಾನೇ ಕೈಯಾರೆ ಕೊಟ್ಟವಳು ಅವಳು. ಬಾಯಿ ತೆರೆದಳು.

"ಅಯ್ಯೋ, ಅವ್ರುದ್ದನ್ನ ಯಾಕ್ ತಂದ್ಯೇ ಮೂದೇವಿ?" ಅಂದಳು ಅಮ್ಮ. "ನಂದು ಬೇಳೆ ಡಬ್ಬದ ಪಕ್ದಾಗಿತ್ತಲ್ಲೇ!"

"ಥೂ!" ಅಂದ ಅಶ್ವತ್ಥ್.

"ತಲೆ ಕೆಡಿಸ್ಕೋಬೇಡಿ ಸಾರ್," ಅಂದ ಸುಬ್ರಮಣಿ. "ಅಮ್ಮಾವ್ರ ಫೋನಿಗೆ ಓಟಿಪಿ ಬರ್ತದೆ, ಇಲ್ಲೇ ಡೌನ್‌ಲೋಡ್ ಮಾಡ್ಸಾಣ."

ಅಷ್ಟರಲ್ಲಿ ಅಮ್ಮನ ಬಲಗೈ ಮಡಿಲ ಅಕ್ಕಿಯೊಳಗೆ ಮಣಿಕಟ್ಟಿನವರೆಗೂ ಹೂತುಹೋಗಿದ್ದದ್ದು ಶಾಂತಲಾಳಿಗೆ ಕಂಡಿತು. ಕೈ ಹೊರಗೆ ಬಂದಾಗ ಬರಿಗೈ.

"ಫೋನು ಗಿರಣೀಲಿ ಚಾರ್ಜಿಗಾಕಿ ಬಂದಿವ್ನಿ ಕಣಪ್ಪ."

ಅಶ್ವತ್ಥ್ ನಂಬಲಿಲ್ಲ. ತನ್ನ ಫೋನು ತೆಗೆದು ಅಕ್ಕನ ನಂಬರು ಒತ್ತಿದ. ಶಾಂತಲಾ ಅಕ್ಕಿಯನ್ನೇ ನೋಡುತ್ತ ಕೂತಳು. ಅಕ್ಕಿ ಅಲುಗಲಿಲ್ಲ.

"ಸ್ವಿಚ್ ಆಫ್ ಬರ್ತೈತಲ್ಲ?"

"ಚಾರ್ಜ್ ಇಲ್ದಿದ್ಕೇ ಅಲ್ವೇನೋ ಚಾರ್ಜಿಗಾಕಿದ್ದು?"

ಸುಬ್ರಮಣಿ ನಗು ತಡೆಯಲು ಹಾರ್ನ್ ಹೊಡೆದ. ಅಶ್ವತ್ಥ್ ಅವನನ್ನು ದುರುಗುಟ್ಟಿ ನೋಡಿದ. "ತಿರುಗ್ಸಪ್ಪ ಗಾಡಿ. ಟೋಕನ್ ತಪ್ಪೋದ್ರೆ ಇನ್ನೊಂದ್ ವಾರ ಕಾಯ್ಬೇಕು."

ಸೇತುವೆ ಇಳಿದು, ತಿರುಗಿ, ಬಂದ ದಾರಿಯಲ್ಲೇ ಕಾರು ಓಡಿತು. ದಾರಿಯುದ್ದಕ್ಕೂ ಅಶ್ವತ್ಥ್ ಗೊಣಗುತ್ತಿದ್ದ. ಓದಿ ಏನು ಬಂತು, ಒಂದು ಕಾರ್ಡು ನೋಡಿ ತರಕ್ಕಾಗಲ್ಲ ಅಂದ. ಇಂಥವಳನ್ನ ಯಾರು ಕಟ್ಟಿಕೊಳ್ಳುತ್ತಾರೆ ಅಂದ. ಶಾಂತಲಾ ಒಂದೊಂದನ್ನೂ ಕೇಳಿಸಿಕೊಂಡಳು. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಅವಳನ್ನು ಸುಡುತ್ತಿದ್ದದ್ದು ಅವನ ಮಾತಿಗಿಂತ ತಾನು ಹೇಳಿದ ಸುಳ್ಳು. ತನ್ನದನ್ನು ತಾನು ಉಳಿಸಿಕೊಳ್ಳಲು ಕೋತಿ ಯಾಕೆ ಸುಳ್ಳು ಹೇಳಬೇಕು? ಸತ್ತ ಅಪ್ಪನನ್ನು ಎತ್ತಿ ತೋರಿಸುವ ಗತಿ ತನಗೆ ಯಾಕೆ ಬರಬೇಕು? ಮೊಸಳೆ ಮಾತ್ರ ಯಾವ ಕಥೆಯಲ್ಲೂ ನಾಚಿಕೆಪಡುವುದಿಲ್ಲ.

ಗಿರಣಿಯ ಮುಂದೆ ಇಳಿದದ್ದೇ ಅಮ್ಮ ಶಟರ್ ಎತ್ತಿ ಒಳಗೆ ಹೋದಳು. "ಬಿರ್ರನೆ ಬಾರಕ್ಕ!" ಅಂತ ಅಶ್ವತ್ಥ್ ಬಾಗಿಲಲ್ಲೇ ನಿಂತ.

ಅಮ್ಮ ಡಬ್ಬ ಹುಡುಕಲಿಲ್ಲ. ಮಡಿಲ ಅಕ್ಕಿಯೊಳಗಿನಿಂದ ಫೋನು ತೆಗೆದು ಒರೆಸಿ, ತಮ್ಮನಿಗೆ ಕಾಣುವ ಹಾಗೆ ತಕ್ಕಡಿಯ ಮೇಲಿಟ್ಟಳು. ಆಮೇಲೆ ಮೆಟ್ಟಿಲು ಹತ್ತಿ, ಸೆರಗು ಬಿಚ್ಚಿ, ಮಡಿಲಕ್ಕಿಯನ್ನು ಅಷ್ಟೂ ಗಿರಣಿಯ ಬಾಯಿಗೆ ಸುರಿದಳು. ಸ್ವಿಚ್ಚು ಒತ್ತಿದಳು.

ಮಡಿಲಕ್ಕಿಯನ್ನು ಯಾರೂ ಬೀಸುವುದಿಲ್ಲ. ಅದನ್ನು ಮನೆಯವರೆಲ್ಲ ಸೇರಿ ಸಿಹಿ ಮಾಡಿ ಉಣ್ಣಬೇಕು. ಬಾಗಿಲಲ್ಲಿ ನಿಂತ ಅಶ್ವತ್ಥನ ಮುಖ ಕಪ್ಪಿಟ್ಟಿತು. ಅವನು ಏನೋ ಕೂಗುತ್ತಿದ್ದ, ಕೈ ಬೀಸುತ್ತಿದ್ದ. ಗಿರಣಿಯ ಅಬ್ಬರದಲ್ಲಿ ಒಂದಕ್ಷರವೂ ಕೇಳುತ್ತಿರಲಿಲ್ಲ.

ಕೇಳುವುದಿಲ್ಲ ಅಂತ ಗೊತ್ತಾದ ಮೇಲೆ ಶಾಂತಲಾಳ ಗಂಟಲು ಬಿಚ್ಚಿಕೊಂಡಿತು. ಅವಳೂ ಕೂಗತೊಡಗಿದಳು. ಆರು ವರ್ಷದ್ದೆಲ್ಲ ಕೂಗಿದಳು. ಅಪ್ಪನ ಹೆಣದ ಮುಂದೆ ಹತ್ತು ನಿಮಿಷ ನಿಂತು ಗಡಿಯಾರ ನೋಡಿಕೊಂಡು ಹೋದದ್ದು, ನಿಂತುಹೋದ ಬಾಗಿನ, ಹಿತ್ತಲ ಪಾತ್ರೆ. ಕುತ್ತಿಗೆಯ ನರ ಉಬ್ಬಿತ್ತು, ಕಣ್ಣಿನಿಂದ ನೀರು ಬರುತ್ತಿತ್ತು. ಮೇಲೆ ನಿಂತಿದ್ದ ಅಮ್ಮ ಮಗಳ ಬಾಯಿ ಹಾಗೆ ಆಡುವುದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಒಂದು ಗಳಿಗೆ ನೋಡಿದಳು. ಆಮೇಲೆ ಕೈ ಚಾಚಿ ಸ್ವಿಚ್ಚು ಆರಿಸಿಬಿಟ್ಟಳು.

"...ಕುಂಕುಮಕ್ಕೆ ಬೇಡವಾಗಿದ್ದ ನಮ್ಮಮ್ಮ ಸೈನಿಗೆ ಬೇಕಾದ್ಲೇನ್ರೀ ನಿಮಗೆ?"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಎದುರಿನ ಹೂವಿನಂಗಡಿಯ ಅಂಜಿನಮ್ಮ ಕಟ್ಟುತ್ತಿದ್ದ ಮಾಲೆ ಹಿಡಿದುಕೊಂಡೇ ಎದ್ದು ನಿಂತಳು. "ಏನಾಯ್ತೇ ಶಾಂತೂ? ಯಾರವ್ನು?"

ಶಾಂತಲಾ ಬಾಯಿ ಮುಚ್ಚಲಿಲ್ಲ. ಮುಚ್ಚಲು ಈಗ ತಡವಾಗಿತ್ತು. "ನಮ್ಮ ಮಾವ ಅಜ್ಜಿ. ಪೂಜೆ ಅಂತ ಹೇಳಿ ಅಮ್ಮನ ಪಾಲು ಬರೆಸ್ಕೊಳ್ಳೋಕೆ ಕರ್ಕೊಂಡ್ ಹೋಗ್ತಿದ್ರು!"

"ಆಷಾಡದಾಗೆ ಮಡ್ಲಕ್ಕಿ ಕಂಡಾಗ್ಲೇ ಅಂದ್ಕೊಂಡೆ," ಅಂದಳು ಅಂಜಿನಮ್ಮ, ಬೀದಿಗೆಲ್ಲ ಕೇಳುವ ಹಾಗೆ.

"ನೋಡಕ್ಕ, ಮಗಳನ್ನ ಇಂಗೆ ಬಿಟ್ರೆ..." ಅಂತ ಅಶ್ವತ್ಥ್ ಶುರುಮಾಡಿದ.

ಅಮ್ಮ ಅವನದೇ ಕವರಿಗೆ ಹಿಟ್ಟು ತುಂಬುತ್ತಿದ್ದಳು. ಅದರ ಮೇಲೆ ರವಿಕೆ ಕಣ ಇಟ್ಟಳು, ಕುಂಕುಮದ ಪೊಟ್ಟಣ ಇಟ್ಟಳು, ಬಳೆ ಕಳಚಿ ಇಟ್ಟಳು. "ತಗೊಂಡೋಗಿ ಮೋನಿಷಾ ಕೈಗೆ ಕೊಡು. ಬೀಸಿದ ಕೂಲಿ ಬೇಡ ಅನ್ನು. ನಾನು ಸೈನ್ ಆಕಾಕಿಲ್ಲ ಕಣೋ ಅಶ್ವತ್ಥ. ಇವತ್ತೂ ಇಲ್ಲ, ಬರೋ ವಾರನೂ ಇಲ್ಲ. ಬಾವಿ ತೋಟದಾಗೆ ನನ್ ಪಾಲು ನಂಗೆ ಬೇಕು."

"ತವರು ಬೇಡ್ವಾ ಅಂಗಾರೆ?"

ಅಮ್ಮನ ತುಟಿ ಅದುರಿತು. ಕವರನ್ನು ಅವನ ಎದೆಗೆ ಒತ್ತಿ ಕೈ ಬಿಟ್ಟಳು. ಅವನ ಕರಿ ಶರ್ಟಿನ ಮೇಲೆ ಹಿಟ್ಟು ಚೆಲ್ಲಿತು. ಅಶ್ವತ್ಥ್ ಅದನ್ನು ಒರೆಸಿಕೊಳ್ಳುತ್ತ, ಒರೆಸಿದಷ್ಟೂ ಹರಡಿಕೊಳ್ಳುತ್ತ, ಕಾರು ಹತ್ತಿದ.

ಕಾರು ಹೋದ ಮೇಲೆ ಶಾಂತಲಾ ಅಮ್ಮನ ಪಕ್ಕ ಕೂತಳು.

"ನಿಂಗೆ ಮೊದ್ಲೇ ಗೊತ್ತಿತ್ತಾ ಅಮ್ಮ?"

"ಹೆಬ್ಬಾಳದವರ್ಗೂ ನಂಬಿದ್ದೆ ಕಣೆ." ಅಮ್ಮ ಬರಿದಾದ ಮಣಿಕಟ್ಟು ಸವರಿಕೊಂಡಳು. "ನಂಬ್ಬೇಕು ಅಂತ ಆಸೆ ಇತ್ತು." ಆಮೇಲೆ ಒಮ್ಮೆಲೇ ಸಿಡುಕಿದಳು. "ಅವ್ನು ಮಾತಾಡೋವಾಗೆಲ್ಲ ಸುಮ್ಕಿದ್ದು, ಗಿರಣಿ ಸದ್ದಿನಾಗೆ ಕೂಗ್ತಾಳಂತೆ! ಕೋರ್ಟಲ್ಲೂ ಗಿರಣಿ ಓಡಿಸ್ಬೇಕಾ ನಿಂಗೆ?"

ಶಾಂತಲಾಳಿಗೆ ಅಳುವಿನ ನಡುವೆ ನಗು ಬಂತು.

"ಗೋಧಿ ಬೀಸಾಕೆ ಬರ್ತಾರಲ್ಲ, ಲಾಯರ್ ತಾಹೆರಾ, ಅವ್ರಿಗೆ ಫೋನ್ ಮಾಡು. ನಾಳೆ ಬೆಳಿಗ್ಗೆ ಬರ್ತೀವಿ ಅನ್ನು. ನಾನಲ್ಲ, ನೀನೇ ಮಾತಾಡು. ಜೋರಾಗಿ."

ಹಾಗಂದು ಅಮ್ಮ ಎದ್ದು ಅರ್ಧಕ್ಕೆ ನಿಂತಿದ್ದ ರಾಗಿಯ ಕಡೆ ಹೋದಳು. ತಕ್ಕಡಿಯ ಕೆಳಗೆ ತೆಂಗಿನಕಾಯಿ ಉರುಳಿಕೊಂಡು ಬಿದ್ದಿತ್ತು. ಕವರಿಗೆ ಹಾಕಲು ಮರೆತಿದ್ದರು. ಶಾಂತಲಾ ಅದನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಎರಡೂ ಕೈಯಲ್ಲಿ ಎತ್ತಿ, ಮೆಟ್ಟಿಲ ಕಲ್ಲಿನ ಮೇಲೆ, ಇದ್ದ ಸಿಟ್ಟನ್ನೆಲ್ಲ ಹಾಕಿ ಅಪ್ಪಳಿಸಿದಳು. ನೀರು ಬೀದಿಗೆಲ್ಲ ಚಿಮ್ಮಿತು.

ಆಮೇಲೆ ಫೋನು ತೆಗೆದುಕೊಂಡಳು.