ಅಟ್ಟದ ಮೇಲಿನ ಕಾಯಿ

"ನೀವು ಆಚೆ ಕೂತ್ಕೊಂಡಿರಿ ಅಮ್ಮ. ನೀವಿದ್ರೆ ಮಗು ನಿಮ್ಮ ಮುಖಾನೇ ನೋಡುತ್ತೆ," ಎಂದು ಟೀಚರು ಬಾಗಿಲು ಮುಚ್ಚಿಕೊಂಡರು. ಮಗಳ ಬಟ್ಟೆಬರೆ ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಾಧಾಮಣಿ ವರಾಂಡದ ಬೆಂಚಿನಲ್ಲಿ ಕೂತಳು. ಒಳಗಿದ್ದವಳು ವರ್ಷಿಣಿ. ನಾಲ್ಕನೇ ಕ್ಲಾಸು. ಬಾಯಿಲೆಕ್ಕ ಕೇಳಿದರೆ ಪಟಪಟ ಹೇಳುತ್ತಾಳೆ, ಕೇಳಿದ ಕಥೆಯನ್ನು ಚಾಚೂ ತಪ್ಪದೆ ಒಪ್ಪಿಸುತ್ತಾಳೆ. ಪುಸ್ತಕ ಬಿಚ್ಚಿದರೆ ಮಾತ್ರ ಬಾಯಿಗೆ ಬೀಗ.

ಅಕ್ಷರ ಹತ್ತದ ಮಕ್ಕಳಿಗೆಂದೇ ತುಮಕೂರಿನಲ್ಲಿ ಇಂಥದ್ದೊಂದು ಖಾಸಗಿ ಶಾಲೆ, ಜೊತೆಗೆ ಹಾಸ್ಟೆಲ್ಲು ಇದೆಯೆಂದು ಗೊತ್ತಿದ್ದೂ ಮನೆಯವರು ಎರಡು ವರ್ಷ ಸುಮ್ಮನಿದ್ದರು. ತಿಪಟೂರಿನ ಹತ್ತಿರದ ಬಿಳಿಗೆರೆಯಲ್ಲಿ ಗಂಡ ರೇಣುಕಪ್ರಸಾದನದು ಒಂದೇ ಮಾತು. "ಅಟ್ಟದ ಮೇಲಿನ ಕಾಯಿ ಕಣೇ ಅವ್ಳು. ನೀರು ಇಂಗೋ ತನ್ಕ ಒಡೀಬಾರ್ದು. ಒಣಗಿದ್ ದಿನ ತಾನೇ ಗಡಗಡ ಅಂತದೆ." ವರ್ಷವಿಡೀ ತೆಂಗಿನಕಾಯಿಯನ್ನು ಅಟ್ಟದಲ್ಲಿಟ್ಟು, ಒಣಗಿ ಒಳಗೇ ಸದ್ದು ಮಾಡಿದ ಮೇಲೆ ಕೊಬ್ಬರಿ ತೆಗೆಯುವ ಜನ. ಎಲ್ಲಕ್ಕೂ ಕಾಯುವುದೇ ಅವರ ಔಷಧ. ರಾಧಾಮಣಿಯೂ ನಂಬಿ ಕಾದಳು. ದೀಪಾವಳಿ ಕಳೆದ ಮೇಲೆ ಮಗಳು ಸ್ಕೂಲಿನ ಹೊತ್ತಿಗೆ ಹೊಟ್ಟೆನೋವೆಂದು ಹೊರಳಾಡಿ ಅಳತೊಡಗಿದಳು. ಓದಲು ಎದ್ದು ನಿಂತರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತಂತೆ.

ಬಾಗಿಲು ತೆರೆಯಿತು. "ಜಾಣೆ ಕಣ್ರೀ ನಿಮ್ಮ ಮಗಳು," ಎಂದರು ಟೀಚರು. "ಇದು ದಡ್ಡತನ ಅಲ್ಲ. ತಾನಾಗೇ ಸರಿಹೋಗೋದೂ ಅಲ್ಲ. ಬೇರೆ ಥರ ಹೇಳ್ಕೊಡ್ಬೇಕು. ಒಂದೇ ಸೀಟಿದೆ. ಇವತ್ತೇ ಹೇಳಿಬಿಡಿ. ಸೇರಿಸೋದಾದ್ರೆ ಇವತ್ತಿಂದ್ಲೇ ಹಾಸ್ಟೆಲ್ಲಲ್ಲಿ ಇರ್ಲಿ."

ಗಂಡನಿಗೆ ಫೋನು ಮಾಡಿದಳು. ಆ ಕಡೆ ಕೊಬ್ಬರಿ ಮಂಡಿಯ ಗದ್ದಲ. "ಅಂಥಾ ಸ್ಕೂಲಲ್ಲಿ ಓದವ್ಳೆ ಅಂದ್ರೆ ನಾಳೆ ಅವಳನ್ನ ಯಾರ್ ಮದ್ವೆ ಆಯ್ತಾರೆ? ನಿನ್ನಿಷ್ಟ ಕಣೇ. ಏನಾದ್ರೂ ಆದ್ರೆ ನನ್ನ ಕೇಳ್ಬೇಡ," ಎಂದು ಇಟ್ಟೇಬಿಟ್ಟ. ಬೇಡವೆಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಈಗ ಪೂರಾ ಹೊರೆ ಅವಳೊಬ್ಬಳ ತಲೆಯ ಮೇಲೆ ಬಿತ್ತು. ಭಯವಾಯಿತು.

"ಸೇರಿಸ್ತೀನಿ ಮೇಡಂ," ಎಂದಳು.

ಅಷ್ಟರಲ್ಲಿ ಅಂಗಳಕ್ಕೆ ಆಡಲು ಹೋಗಿದ್ದ ವರ್ಷಿಣಿ ಇನ್ನೊಂದು ಹುಡುಗಿಯ ಕೈ ಹಿಡಿದು ಓಡಿಬಂದಳು. "ಅಮ್ಮಾ, ಇವ್ಳಿಗೂ ಓದಕ್ಕೆ ಬರಲ್ವಂತೆ!" ಅವಳ ಮುಖದಲ್ಲಿ ಹಬ್ಬ. "ಇಲ್ಲಿ ಯಾರೂ ನಗಲ್ವಂತೆ. ನೀನು ಹೊರಡು, ಬಸ್ಸು ಹೋಗ್ಬುಡ್ತದೆ." ಚೀಲ ಕಸಿದುಕೊಂಡವಳೇ ಗೆಳತಿಯೊಂದಿಗೆ ಹಾಸ್ಟೆಲಿನ ಮೂಲೆ ತಿರುಗಿ ಮರೆಯಾದಳು.

ರಾಧಾಮಣಿ ಗೇಟಿನ ಹತ್ತಿರ ನಿಂತಳು. ಮಗಳು ಅತ್ತರೆ ಹೇಳಲೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದಳು. ಒಂದೂ ಖರ್ಚಾಗಲಿಲ್ಲ. ಅಳದೆ ಸ್ಕೂಲಿಗೆ ಹೋದರೆ ಸಾಕೆಂದು ಹರಕೆ ಹೊತ್ತವಳೂ ಅವಳೇ. ಆದರೂ ಒಂದು ಸಲ ತಿರುಗಿ ನೋಡಬಾರದಿತ್ತೇ ಎನಿಸಿತು.

"ಮಗು ಅಳ್ಲೇ ಇಲ್ವಲ್ಲ! ಪುಣ್ಯ ಮಾಡಿದ್ರಿ ಕಣಮ್ಮ," ಎಂದ ಕಾವಲುಗಾರ.

"ಹೂಂ," ಎಂದಳು.

ರಸ್ತೆಯಲ್ಲಿ ತಿಪಟೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರು ಕೂಗಿದ, ಇವಳನ್ನೇ ನೋಡಿ ಮತ್ತೊಮ್ಮೆ ಕೂಗಿದ. ರಾಧಾಮಣಿ ಹಾಸ್ಟೆಲಿನ ಮೂಲೆಯನ್ನೇ ನೋಡುತ್ತಾ ನಿಂತಿದ್ದಳು. ಬಸ್ಸು ಹೊರಟುಹೋಯಿತು.