ಕಮ್ಮಾರನ ಕಬ್ಬಿಣದ ಮಂಚ

ರಕ್ತ ಅಂದರೆ ತಲೆ ಸುತ್ತುವ ಮಕ್ಕಳು ಈಗಲೇ ಎದ್ದು ಹೋಗಬಹುದು. ಆಮೇಲೆ ಅಮ್ಮನ ಹತ್ತಿರ ಚಾಡಿ ಹೇಳಬಾರದು. ಇದು ಗ್ರೀಕರ ಹಳೆಯ ಕತೆ. ನಾನು ನನಗೆ ತೋಚಿದ ಹಾಗೆ ಹೇಳುತ್ತೇನೆ.

ಎರಡು ಊರುಗಳ ನಡುವಿನ ದಾರಿಯಲ್ಲಿ ಒಬ್ಬ ಕಮ್ಮಾರನಿದ್ದ. ಮುಂದೆ ಕುಲುಮೆ, ಹಿಂದೆ ದಾರಿಹೋಕರು ತಂಗಲು ಒಂದು ಕೋಣೆ. ಕೋಣೆಯಲ್ಲಿ ಒಂದೇ ಮಂಚ, ಅದೂ ಪೂರ್ತಿ ಕಬ್ಬಿಣದ್ದು. ಅವನ ಮಟ್ಟಿಗೆ ಲೋಕದಲ್ಲಿ ಸರಿಯಾದ ಅಳತೆ ಅಂತ ಇದ್ದರೆ ಅದು ಆ ಮಂಚದ್ದು ಮಾತ್ರ. ಮಲಗಿದವನ ಕಾಲು ಹೊರಗೆ ಚಾಚಿದರೆ ತಪ್ಪು ಮಲಗಿದವನದು. ಕಾಲು ಮಂಚದ ಕೊನೆಯ ಪಟ್ಟಿಗೆ ಮುಟ್ಟದಿದ್ದರೆ ಅದೂ ಅವನದೇ ತಪ್ಪು. ಉದ್ದದವರನ್ನು ತಿದ್ದಲು ಗರಗಸವಿತ್ತು, ಗಿಡ್ಡವರನ್ನು ತಿದ್ದಲು ಸರಪಳಿ ಮತ್ತು ರಾಟೆ ಇದ್ದವು.

ಒಬ್ಬ ಬಟ್ಟೆ ವ್ಯಾಪಾರಿಯನ್ನು ಮೊಣಕಾಲಿನ ಕೆಳಗೆ ಕೊಯ್ದ. ಒಬ್ಬ ಗಿಡ್ಡ ಮೇಷ್ಟ್ರನ್ನು ರಾಟೆಗೆ ಕಟ್ಟಿ ಎಳೆದ. ಮೇಷ್ಟ್ರು ಸರಿಯಾದ ಉದ್ದಕ್ಕೇ ಬಂದರು, ಎರಡು ತುಂಡಾಗಿ ಬಂದರು ಅಷ್ಟೇ. ಬಂದವರಲ್ಲಿ ಒಬ್ಬರೂ ಬದುಕಿ ಹೋಗಲಿಲ್ಲ. ಅವನ ತಾಯಿ ಅದೇ ಮನೆಯಲ್ಲಿದ್ದಳು, ಎಲ್ಲವನ್ನೂ ನೋಡುತ್ತಿದ್ದಳು. ಅವಳ ದೂರು ಒಂದೇ.

"ಈಗಷ್ಟೇ ನೆಲ ಒರೆಸಿದ್ದೀನಿ ಮಗಾ. ಸ್ವಲ್ಪ ಬಾಗಿಲ ಕಡೆ ತಿರುಗಿಸ್ಕೊಂಡು ಕೊಯ್ಯಬಾರದಾ?"

ಒಂದು ಮಧ್ಯಾಹ್ನ ಆ ದಾರಿಯಲ್ಲಿ ಅಕ್ಕ, ತಮ್ಮ ಇಬ್ಬರು ದಣಿದು ತಂಗಲು ಬಂದರು. ಅಕ್ಕ ಗಾಡಿಯ ಚಕ್ರ ಮಾಡುವವಳು. ತಮ್ಮ ಊರಿಂದೂರಿಗೆ ಓಡಿ ಕಾಗದ ಮುಟ್ಟಿಸುವವನು. ಬಡಕಲು, ಉದ್ದ, ಮೈಯೆಲ್ಲ ಕಾಲೇ. ಓಡುವುದು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ.

"ಒಂದು ನಿಮಿಷ ಮಲಗಪ್ಪ, ಹೊಂದುತ್ತಾ ನೋಡೋಣ," ಎಂದ ಕಮ್ಮಾರ, ಬೆಣ್ಣೆಯಂಥ ದನಿಯಲ್ಲಿ.

ಹುಡುಗ ಮಲಗಿದ. ಕಾಲು ಒಂದು ಗೇಣು ಹೊರಗೆ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಮ್ಮಾರ ಅವನಿಗೆ ಸರಪಳಿ ಸುತ್ತಿ ಬೀಗ ಹಾಕಿದ. ಹುಡುಗ ಒದ್ದ ಏಟಿಗೆ ಕಮ್ಮಾರನ ಎರಡು ಹಲ್ಲು ಉದುರಿದವು. ಕಮ್ಮಾರ ಇಕ್ಕಳ ಬೀಸಿ ಅವನ ಮೂಗು ಮುರಿದ. ಅಕ್ಕ ಸುತ್ತಿಗೆ ಎತ್ತಿ ಎಸೆದಳು. ಅದು ಗುರಿ ತಪ್ಪಿ ನೀರಿನ ಹಂಡೆಗೆ ಬಡಿಯಿತು. ಕಮ್ಮಾರ ಅವಳ ಕತ್ತು ಹಿಡಿದು ಇದ್ದಿಲ ರಾಶಿಗೆ ಬಿಸಾಡಿದ.

"ಅಮ್ಮಾ, ಗರಗಸ ಎಲ್ಲಿ?"

"ಸೌದೆ ಕೊಯ್ಯೋಕೆ ತಗೊಂಡಿದ್ದೆ. ಮೊಂಡಾಗಿದೆ, ಮಸ್ಕೋ."

ಅವನು ಬಾಗಿಲಲ್ಲಿ ಕೂತು ಗರಗಸದ ಹಲ್ಲುಗಳನ್ನು ಒಂದೊಂದಾಗಿ ಮಸೆಯತೊಡಗಿದ. ಅಕ್ಕನಿಗೆ ಸಿಕ್ಕಿದ್ದು ಅಷ್ಟೇ ಹೊತ್ತು. ಈ ಕಾಲು ಹೋದರೆ ತಮ್ಮ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಣ್ಣು ತನ್ನ ಕೆಲಸ ಮಾಡಿತು. ಚಕ್ರ ಮಾಡುವವರಿಗೆ ಯಾವುದೇ ವಸ್ತುವಿನಲ್ಲಿ ಮೊದಲು ಕಾಣುವುದು ಸೊಟ್ಟ. ಅವಳು ಕಮ್ಮಾರನ ಬೆನ್ನನ್ನೇ ನೋಡಿದಳು.

"ಈ ಮಂಚ ಯಾರ ಅಳತೆಗೆ ಮಾಡಿದ್ದು?"

"ನನ್ನದೇ ಅಳತೆ. ಇಪ್ಪತ್ತರ ಪ್ರಾಯದಲ್ಲಿ ನಾನೇ ನೆಲದ ಮೇಲೆ ಮಲಗಿ ಗೆರೆ ಎಳೆಸ್ಕೊಂಡಿದ್ದು. ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ."

"ಆಮೇಲೆ ಯಾವತ್ತಾದರೂ ಅದರ ಮೇಲೆ ಮಲಗಿದ್ದೀಯಾ?"

"ನಾನು ಕುಲುಮೆ ಹತ್ರ ಮಲಗ್ತೀನಿ. ಮಂಚ ಬಂದವರಿಗೆ."

"ನೀನು ಹೊಂದಲ್ಲ ಅಂತ ನಾನಂತೀನಿ. ಹೊಂದಿದರೆ ಅವನ ಕಾಲಿನ ಜೊತೆ ನಂದೂ ಕೊಯ್ಯಿ. ಹೊಂದದಿದ್ದರೆ ಬೀಗದ ಕೈ ಕೊಡು."

ಕಮ್ಮಾರ ಉದುರಿದ ಹಲ್ಲಿನ ಸಂದಿಯಿಂದ ರಕ್ತ ಉಗುಳುತ್ತ ನಕ್ಕ. ಹುಡುಗನನ್ನು ಮಂಚದಿಂದ ಬಿಚ್ಚಿ ಕಂಬಕ್ಕೆ ಬಿಗಿದ. ಆಮೇಲೆ ತಾನು ಮಲಗಿದ.

ಹಿಮ್ಮಡಿ ಕೆಳಗಿನ ಪಟ್ಟಿಗೆ ತಾಗಿತು. ತಲೆ ಮೇಲಿನ ಪಟ್ಟಿಗೆ ತಾಗಲಿಲ್ಲ. ಮೂವತ್ತು ವರ್ಷ ಅಡಿಗಲ್ಲಿನ ಮೇಲೆ ಬಗ್ಗಿ ಕಬ್ಬಿಣ ಬಡಿದೂ ಬಡಿದೂ ಅವನ ಬೆನ್ನು ಬಿಲ್ಲಾಗಿತ್ತು. ಉಸಿರು ಬಿಗಿಹಿಡಿದು ಕತ್ತು ಚಾಚಿದ. ಬೆನ್ನು ಬಗ್ಗಿಯೇ ಇತ್ತು. ಮುದುಕಿ ಬಂದು ಸಂದಿಯಲ್ಲಿ ಕೈ ತೂರಿಸಿದಳು.

"ನಾಲ್ಕು ಬೆರಳು ಕಮ್ಮಿ, ಮಗಾ."

ಕಮ್ಮಾರ ಸೊಂಟದ ಬೀಗದ ಕೈ ಕಿತ್ತು ಎಸೆದ. ನೀಚನೇ, ಆದರೆ ಆಡಿದ ಮಾತಿಗೆ ತಪ್ಪುವವನಲ್ಲ. ಅಕ್ಕ ತಮ್ಮನ ಬೀಗ ತೆಗೆದಳು.

"ಏಳು ಮಗಾ," ಎಂದಳು ತಾಯಿ. "ಮಂಚ ಉದ್ದವಾಯ್ತು ಅನ್ನು, ಮುಗೀತು. ನಾಳೆ ಮಂಚವನ್ನೇ ನಾಲ್ಕು ಬೆರಳು ಕತ್ತರಿಸಿದರೆ ಆಯ್ತು."

"ಮಂಚ ಸರಿಯಾಗಿದೆ," ಎಂದ ಅವನು.

ಕಣಕಾಲಿಗೆ ತಾನೇ ಸರಪಳಿ ಹಾಕಿಕೊಂಡ. ಕಂಕುಳಡಿ ತೊಗಲಿನ ಪಟ್ಟಿ ಬಿಗಿದುಕೊಂಡ. ರಾಟೆಯ ಹಿಡಿ ಪಕ್ಕದಲ್ಲೇ ಇತ್ತು, ಕೈಗೆ ಸಿಕ್ಕಿತು. ಹಿಡಿಯ ಮೊದಲ ತಿರುವಿಗೆ ಮೊಣಕಾಲು ಲಟಕ್ ಎಂದವು. ಎರಡನೆಯದಕ್ಕೆ ಸೊಂಟ. ಅವನು ಊಳಿಟ್ಟ, ಹಿಡಿ ಮಾತ್ರ ಬಿಡಲಿಲ್ಲ. ತಾಯಿ ಅವನ ಕೈ ಹಿಡಿದು ಜಗ್ಗಿದಳು. ಅವನು ದೂಡಿದ ರಭಸಕ್ಕೆ ಗೋಡೆಗೆ ಬಡಿದು ಕುಸಿದಳು.

"ಬಿಡೋ ಮಾರಾಯ, ಒಂದು ಮಂಚ ತಾನೇ," ಎಂದು ಅಕ್ಕನೂ ಹಿಡಿಗೆ ಕೈ ಹಾಕಿದಳು. ಅವಳ ಬಾಯಿಗೆ ಅವನ ಮೊಣಕೈ ಬಿತ್ತು. ತಮ್ಮ ತನ್ನ ಎರಡೂ ಕಾಲುಗಳ ಮೇಲೆ ನಿಂತಿದ್ದ, ಓಡುವುದನ್ನೇ ಮರೆತಿದ್ದ.

ಮೂರನೆಯ ತಿರುವಿಗೆ ಹಸಿ ಸೌದೆ ಮುರಿದಂಥ ಸದ್ದಾಯಿತು. ಮಂಚದ ಕೆಳಗೆ ರಕ್ತ ತೊಟ್ಟಿಕ್ಕತೊಡಗಿತು. ಊಳು ನಿಂತಿತು.

ಅವನ ಮೇಲೆ ನನಗೆ ಚೂರೂ ಕನಿಕರವಿಲ್ಲ. ಮುದುಕಿಯೂ ಸಾಚಾ ಅಲ್ಲ, ಅಷ್ಟು ಜನ ಸತ್ತಾಗ ಅವಳು ನೆಲದ ಚಿಂತೆ ಮಾಡಿದವಳು. ಆದರೂ ಇಲ್ಲಿಗೆ ಬಂದಾಗ ನಾನು ದನಿ ತಗ್ಗಿಸುತ್ತೇನೆ.

ಅವಳು ಗೋಡೆ ಹಿಡಿದು ಎದ್ದಳು. ಮಂಚದ ಹತ್ತಿರ ಬಂದು ಮಗನ ತಲೆಗೂ ಪಟ್ಟಿಗೂ ನಡುವೆ ಬೆರಳು ತೂರಿಸಿ ನೋಡಿದಳು. ಒಂದೂ ಹೋಗಲಿಲ್ಲ.

"ಸರಿಯಾಯ್ತು ಕಣೋ," ಎಂದಳು ಅವನ ಕಿವಿಯ ಹತ್ತಿರ ಬಗ್ಗಿ. "ಇನ್ನು ಕೈ ಬಿಡು."